ಮಿರ್ಜಾನ ಕೋಟೆಯ ದೆವ್ವಗಳು: ಕಂಡವರು ಯಾರು?



ಬೆಂಗಳೂರಿನಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ತಿಂಗಳು ದೂರವಾಣಿ ಮಾಡಿ, "ಅಕ್ಕೋರೇ, ನಮ್ಮೂರ ಕೋಟೆಯಲ್ಲಿ ದೆವ್ವ ಉಂಟಂತೆ ಹೌದಾ ಅಂತ ನನ್ನ ಮಗ ದಿನಾ ಕೇಳ್ತಾನೆ. ನಾನೆಂತಾ ಹೇಳಲಿ?" ಎಂದು ಕೇಳಿದಳು. ಮಗನಿಗೆ ಯಾರೋ ಮೊಬೈಲಿನಲ್ಲಿ ಮಿರ್ಜಾನ ಕೋಟೆಯ ದೃಶ್ಯವೊಂದನ್ನು ಭಯಾನಕ ಸಂಗೀತ ಸೇರಿಸಿ ತೋರಿಸಿದ್ದರಂತೆ. ಎರಡು ಮಾತಿನಲ್ಲಿ ಉತ್ತರಿಸುವ ಪ್ರಶ್ನೆ ಅದಲ್ಲ. ಬರೆದು ತಿಳಿಸುತ್ತೇನೆ ಎಂದೆ. ಕುಮಟಾ ತಾಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಸಮಾಜ ವಿಜ್ಞಾನ ಕಲಿಸಿದ ನನಗೆ ಈ ಕೋಟೆಯ ಇತಿಹಾಸದಷ್ಟೇ ಅದರ ದೆವ್ವಗಳ ಪರಿಚಯವೂ ಇದೆ. ಎರಡನ್ನೂ ಇಲ್ಲಿ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲು ಕೋಟೆ. ಕುಮಟಾದಿಂದ ಅಂಕೋಲೆಯತ್ತ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಹತ್ತು-ಹನ್ನೊಂದು ಕಿಲೋಮೀಟರ್ ಸಾಗಿದರೆ ಮಿರ್ಜಾನ ಸಿಗುತ್ತದೆ. ಹೆದ್ದಾರಿ ಬಿಟ್ಟು ಅರ್ಧ ಕಿಲೋಮೀಟರ್ ಒಳಗೆ ಹೋದರೆ ಕೋಟೆ. ಸಮುದ್ರ ದಂಡೆಯ ಕೋಟೆ ಎಂದಾಕ್ಷಣ ಅಲೆ ಬಡಿಯುವ ಬಂಡೆಗಳನ್ನು ಕಲ್ಪಿಸಿಕೊಂಡು ಬಂದವರು ಇಲ್ಲಿ ನಿರಾಶರಾಗುತ್ತಾರೆ. ಇದು ಕಡಲಿಗೆ ಎದೆಯೊಡ್ಡಿ ನಿಂತ ಕೋಟೆಯಲ್ಲ. ಅಘನಾಶಿನಿ ನದಿಯ ಅಳಿವೆಯಿಂದ ಒಳಸರಿದು, ಬಂದುಹೋಗುವ ಸರಕಿನ ಮೇಲೆ ಕಣ್ಣಿಟ್ಟು ಕುಳಿತ ಕೋಟೆ. ಶಿರಸಿಯ ಬಳಿ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ತದಡಿ ಮತ್ತು ಅಘನಾಶಿನಿ ಗ್ರಾಮಗಳ ನಡುವೆ ಕಡಲು ಸೇರುವ ಈ ಹೊಳೆಯೇ ಒಂದು ಕಾಲದಲ್ಲಿ ಘಟ್ಟದ ಮೇಲಿನ ಕಾಳುಮೆಣಸನ್ನು ಹಡಗಿಗೆ ಮುಟ್ಟಿಸುತ್ತಿದ್ದ ದಾರಿ.

ಕೋಟೆಯ ವಿಸ್ತಾರ ಸುಮಾರು 10 ಎಕರೆ. ಎಲ್ಲವೂ ಕೆಂಪು ಜಂಬಿಟ್ಟಿಗೆ ಕಲ್ಲು. ಎರಡು ಸುತ್ತಿನ ಗೋಡೆ, ದುಂಡನೆಯ ಎತ್ತರದ ಬುರುಜುಗಳು, ಸುತ್ತ ಕಂದಕ, ಒಂದು ಮುಖ್ಯ ದ್ವಾರ ಮತ್ತು ಮೂರು ಉಪದ್ವಾರಗಳು. ಒಳಗೆ ಕಟ್ಟಡಗಳ ಅಡಿಪಾಯಗಳು, ದರ್ಬಾರು ಸ್ಥಳವೆಂದು ತೋರಿಸುವ ಜಗುಲಿ, ಮತ್ತು ಎಲ್ಲಕ್ಕಿಂತ ಸೋಜಿಗದ ಬಾವಿಗಳು. ಮೆಟ್ಟಿಲಿಳಿದು ನೆಲದೊಳಗೇ ಹೋಗಿ ಮುಟ್ಟುವಂಥ ಬಾವಿಗಳೂ ಇವೆ. ಜಂಬಿಟ್ಟಿಗೆಯ ಗುಣ ನಿಮಗೆ ಗೊತ್ತು: ನೆಲದಲ್ಲಿರುವಾಗ ಕೊಡಲಿಯಿಂದ ಕಡಿಯುವಷ್ಟು ಮೆದು, ಗಾಳಿಗೆ ಬಿದ್ದ ಮೇಲೆ ಗಟ್ಟಿ. ಈ ಕಲ್ಲಿಗೆ ಇಂಗ್ಲಿಷಿನಲ್ಲಿ 'ಲ್ಯಾಟರೈಟ್' ಎಂದು ಹೆಸರಿಟ್ಟವನು ಫ್ರಾನ್ಸಿಸ್ ಬುಕಾನನ್. ಟಿಪ್ಪುವಿನ ಪತನದ ನಂತರ ಕಂಪನಿಯ ಸರ್ಕಾರದ ಪರವಾಗಿ ಮೈಸೂರು, ಮಲಬಾರು, ಕೆನರಾಗಳನ್ನು ಸುತ್ತಿದ ಆ ಮಹಾಶಯ 1801ರಲ್ಲಿ ನಮ್ಮ ಮಿರ್ಜಾನದ ದಾರಿಯಲ್ಲೂ ಹಾದುಹೋದ.

ಕೋಟೆಯನ್ನು ಕಟ್ಟಿಸಿದವರು ಯಾರು? ಕಾಳುಮೆಣಸಿನ ರಾಣಿ ಚೆನ್ನಭೈರಾದೇವಿ ಎಂಬುದು ಪ್ರವಾಸಿಗಳಿಗೆ ದೊರೆಯುವ ಉತ್ತರ. ವಿಜಯಪುರದ ಆದಿಲಶಾಹಿಯ ಅಧಿಕಾರಿ ಶರೀಫ್-ಉಲ್-ಮುಲ್ಕ್, 1608 ಮತ್ತು 1640ರ ನಡುವೆ ಎಂಬುದು ಇನ್ನೊಂದು ವಾದ. ಅದಕ್ಕೂ ಹಿಂದಕ್ಕೆ ಹೋಗಿ ನವಾಯತರ ಹೆಸರು ಹೇಳುವವರೂ ಇದ್ದಾರೆ. ಈಗ ನಿಂತಿರುವ ಬುರುಜುಗಳ ರೀತಿಯನ್ನೂ ಕಮಾನುಗಳನ್ನೂ ನೋಡಿದರೆ, ಈ ರೂಪ ಬಂದದ್ದು ಆದಿಲಶಾಹಿಯ ಕಾಲದಲ್ಲಿ ಎಂಬ ಪಕ್ಷವೇ ನನಗೆ ಒಪ್ಪಿಗೆ. ಹಾಗೆಂದ ಮಾತ್ರಕ್ಕೆ ರಾಣಿಗೂ ಮಿರ್ಜಾನಕ್ಕೂ ಸಂಬಂಧವಿಲ್ಲವೆಂದಲ್ಲ. ಬಂದರು ಮೊದಲು, ಕೋಟೆ ಆಮೇಲೆ. ಬಂದರಿನ ಸುಂಕ ಯಾರಿಗೆ ಸಲ್ಲುತ್ತಿತ್ತೋ ಅವರದೇ ಊರು. ಮತ್ತು ಆ ಸುಂಕ ಐದು ದಶಕಗಳ ಕಾಲ ಅವಳಿಗೆ ಸಲ್ಲುತ್ತಿತ್ತು.

ಇಲ್ಲೊಂದು ಚಿಕ್ಕ ವಿಷಯಾಂತರ. ರೋಮನ್ನರ ಕಾಲದ ಪ್ರಸಿದ್ಧ ಬಂದರು 'ಮುಜಿರಿಸ್' ನಮ್ಮ ಮಿರ್ಜಾನವೇ ಎಂದು ಮೇಜರ್ ರೆನೆಲ್ ಎಂಬ ಭೂಗೋಳಜ್ಞ 18ನೇ ಶತಮಾನದಲ್ಲಿ ಬರೆದುಬಿಟ್ಟ. ಹೆಸರುಗಳ ಹೋಲಿಕೆಯ ಹೊರತು ಅದಕ್ಕೆ ಹೆಚ್ಚಿನ ಆಧಾರವಿರಲಿಲ್ಲ. ಮುಜಿರಿಸ್ ಇದ್ದದ್ದು ಕೇರಳದ ಕೊಡುಂಗಲ್ಲೂರಿನ ಆಸುಪಾಸಿನಲ್ಲಿ ಎಂಬುದು ಈಗ ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಆದರೂ ಊರ ಹೆಮ್ಮೆಗೆ ರೆನೆಲ್ ಸಾಹೇಬರ ಮಾತು ಈಗಲೂ ಅಲ್ಲಲ್ಲಿ ಉಪಯೋಗಕ್ಕೆ ಬರುತ್ತಿದೆ! ಬರೆದವನು ದೊಡ್ಡವನಾದರೆ ಸಾಲದು ಮಕ್ಕಳೇ, ಅವನಿಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಕು ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮಗೆ ನೆನಪಿರಬಹುದು.

ಇನ್ನು ರಾಣಿ. ಗೇರುಸೊಪ್ಪೆ ಅಥವಾ ನಗಿರೆಯ ಸಾಳುವ ಮನೆತನದ ಚೆನ್ನಭೈರಾದೇವಿ ಧರ್ಮದಿಂದ ಜೈನಳು, ವಿಜಯನಗರದ ಅಧೀನಳಾಗಿ ಆಳಿದವಳು. ಅವಳ ಆಳ್ವಿಕೆ 1552ರಿಂದ 1606ರವರೆಗೆ, ಐವತ್ತನಾಲ್ಕು ವರ್ಷ ಎನ್ನುತ್ತಾರೆ. ಶರಾವತಿ ಮತ್ತು ಅಘನಾಶಿನಿಯ ಕಣಿವೆಗಳಲ್ಲಿ ಬೆಳೆದ ಮೆಣಸು ಅವಳ ಬಂದರುಗಳಿಂದ ಹೊರಗೆ ಹೋಗುತ್ತಿತ್ತು. ಆ ಮೆಣಸಿಗಾಗಿಯೇ ಕಡಲು ದಾಟಿ ಬಂದಿದ್ದ ಪೋರ್ಚುಗೀಸರು ಅವಳನ್ನು 'ಮೆಣಸಿನ ರಾಣಿ' ಎಂದು ಕರೆದರು. 'ರೈನಾ ದ ಪಿಮೆಂತಾ' ಎಂಬುದು ಅವರ ಭಾಷೆಯ ಮಾತು. ಅದು ಬರಿಯ ಹೊಗಳಿಕೆಯೆಂದು ನಾನು ಭಾವಿಸುವುದಿಲ್ಲ. ವ್ಯಾಪಾರಿಯೊಬ್ಬ ತನಗೆ ಬೇಕಾದ ಸರಕಿನ ಬೀಗದ ಕೈ ಹಿಡಿದವಳಿಗೆ ಇಟ್ಟ ಹೆಸರು ಅದು. ಅದರಲ್ಲಿ ಗೌರವದಷ್ಟೇ ಸಿಟ್ಟೂ ಇದ್ದೀತು.

ಸಿಟ್ಟು ಯುದ್ಧಕ್ಕೂ ತಿರುಗಿತು. 1565ರಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರ ಮುರಿದುಬಿದ್ದಾಗ ಕರಾವಳಿಯ ಸಣ್ಣ ಅರಸರೆಲ್ಲ ಬೇಲಿಯಿಲ್ಲದ ತೋಟದಂತಾದರು. 1569ರಲ್ಲಿ ಗೋವೆಯ ವೈಸರಾಯ್ ಲೂಯಿಸ್ ದೆ ಅತಾಯಿದೆ ಹಡಗುಪಡೆ ತಂದು ಹೊನ್ನಾವರವನ್ನು ಸುಟ್ಟು, ಅಲ್ಲಿನ ಕೋಟೆಯನ್ನು ಹಿಡಿದ. ಕೋಟೆ ಹೋಯಿತು, ರಾಣಿ ಉಳಿದಳು. ಹೊನ್ನಾವರ ಕಳೆದುಕೊಂಡ ಮೇಲೂ ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ರಾಜ್ಯ ನಡೆಸಿದಳು ಎಂಬುದನ್ನು ನಾವು ಬೇಗ ಮರೆಯುತ್ತೇವೆ. ಕೊನೆಗೆ ಅವಳ ರಾಜ್ಯವನ್ನು ಕೊನೆಗಾಣಿಸಿದವರು ಪೋರ್ಚುಗೀಸರಲ್ಲ. ಘಟ್ಟದ ಮೇಲಿನ ನೆರೆಯವನಾದ ಕೆಳದಿಯ ವೆಂಕಟಪ್ಪ ನಾಯಕ. ಸೆರೆಯಾದ ರಾಣಿ ಬಂಧನದಲ್ಲಿಯೇ ತೀರಿಕೊಂಡಳು. ಮಿರ್ಜಾನದ ಕಡೆ ಆದಿಲಶಾಹಿಯ ಹಿಡಿತ ಬಲವಾಯಿತು.

ಮುಂದಿನದನ್ನು ಬೇಗ ಹೇಳುತ್ತೇನೆ: ಆದಿಲಶಾಹಿಯ ನಂತರ ಕೆಳದಿ, 1757ರಲ್ಲಿ ಮರಾಠರು, 1763ರಲ್ಲಿ ಬಿದನೂರನ್ನು ಗೆದ್ದ ಮೇಲೆ ಹೈದರಾಲಿ, 1799ರ ನಂತರ ಇಂಗ್ಲಿಷರು. 1862ರಲ್ಲಿ ನಮ್ಮ ಜಿಲ್ಲೆ ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರುವ ಹೊತ್ತಿಗೆ ಮಿರ್ಜಾನದಲ್ಲಿ ಕಾಯುವಂಥದ್ದೇನೂ ಉಳಿದಿರಲಿಲ್ಲ. ವ್ಯಾಪಾರವೆಲ್ಲ ಬೇರೆ ಬಂದರುಗಳಿಗೆ ಸರಿದಿತ್ತು. ಖಾಲಿಯಾದ ಕೋಟೆಯೊಳಗೆ ಮೊದಲು ಗಿಡಗಂಟಿ ಬಂದವು, ಹಿಂದೆಯೇ ದೆವ್ವಗಳು ಬಂದವು.

ಈಗ ದೆವ್ವಗಳ ವಿಷಯ.

1994-95ರ ಸುಮಾರಿಗೆ ಒಂಬತ್ತನೇ ತರಗತಿಗೆ ನಾನೊಂದು ಮನೆಗೆಲಸ ಕೊಟ್ಟಿದ್ದೆ: ನಿಮ್ಮ ಮನೆಯಲ್ಲಿ ಕೋಟೆಯ ಬಗ್ಗೆ ಹೇಳುವ ಕಥೆಯೊಂದನ್ನು ಒಂದು ಪುಟದಲ್ಲಿ ಬರೆದು ತನ್ನಿ, ಕೊನೆಯಲ್ಲಿ, ಇದನ್ನು ಕಣ್ಣಾರೆ ಕಂಡವರು ಯಾರು ಎಂದು ಬರೆಯಿರಿ. ಆಗ ಕೋಟೆ ಈಗಿನಂತೆ ಹುಲ್ಲು ಕತ್ತರಿಸಿ ಇಟ್ಟ ಜಾಗವಾಗಿರಲಿಲ್ಲ. ಗೋಡೆಯ ಮೇಲೆ ಆಲ, ಬಸರಿ ಬೇರಿಳಿಸಿದ್ದವು. ದನ ಕಾಯುವವರ ಹೊರತು ಒಳಗೆ ಹೋಗುವವರು ಕಡಿಮೆ. ಮೂವತ್ತೊಂಬತ್ತು ಮಕ್ಕಳು ಬರೆದುಕೊಂಡು ಬಂದರು. ಆ ಹಾಳೆಗಳು ಇಂದಿಗೂ ನನ್ನ ಕಪಾಟಿನಲ್ಲಿವೆ. ಈ ಬರಹಕ್ಕಾಗಿ ಮತ್ತೆ ತೆಗೆದು ಓದಿದೆ.

ಮೂವತ್ತೊಂಬತ್ತರಲ್ಲಿ ಹೆಚ್ಚಿನವು ದೆವ್ವದ ಕಥೆಗಳೇ. ಬೇರೆ ಬೇರೆ ಮನೆಯ ಕಥೆಗಳಾದರೂ ಮೂಲದಲ್ಲಿ ಇದ್ದದ್ದು ನಾಲ್ಕೇ ಕಥೆ. ಒಂದು, ಅಮಾವಾಸ್ಯೆಯ ರಾತ್ರಿ ಕೋಟೆಯ ಕೆಳಗೆ ಹೊಳೆಯ ಕಡೆ ಅಲೆದಾಡುವ ಕೊಳ್ಳಿದೆವ್ವ. ಎರಡು, ಬುರುಜು ನಿಲ್ಲದೆ ಕುಸಿಯುತ್ತಿದ್ದಾಗ ಬಲಿಕೊಟ್ಟ ಗರ್ಭಿಣಿಯ ಅಳು. ಮೂರು, ಬಾವಿಯ ಮೆಟ್ಟಿಲಲ್ಲಿ ಗೆಜ್ಜೆಯ ಸದ್ದು ಮಾಡುತ್ತ ಇಳಿಯುವ ರಾಣಿ. ನಾಲ್ಕು, ಹೂತಿಟ್ಟ ಹೊನ್ನನ್ನು ಕಾಯುವ ಸರ್ಪ, ಕೆಲವರ ಮನೆಯಲ್ಲಿ ಅದು ಬ್ರಹ್ಮರಾಕ್ಷಸ. ಕೋಟೆಯಿಂದ ಗೇರುಸೊಪ್ಪೆಯವರೆಗೆ ಸುರಂಗವಿದೆ ಎಂದು ಬರೆದವರೂ ಇದ್ದರು. ನಡುವಿನ ಹೊಳೆಗಳನ್ನೂ ಗುಡ್ಡಗಳನ್ನೂ ಆ ಸುರಂಗ ಹೇಗೆ ದಾಟಿತೆಂದು ನಾನು ಕೇಳಿದಾಗ, "ರಾಜರಿಗೆ ಎಂತಾ ಕಷ್ಟ ಅಕ್ಕೋರೇ?" ಎಂದು ಉತ್ತರ ಬಂತು.

"ಕಂಡವರು ಯಾರು" ಎಂಬುದಕ್ಕೆ ಬಂದ ಉತ್ತರಗಳು ಹೀಗಿದ್ದವು: ಅಜ್ಜಿ ಹೇಳಿದ್ದು, ಅಜ್ಜಿಗೆ ಅವರ ಅಜ್ಜಿ ಹೇಳಿದ್ದು, ಪಕ್ಕದ ಮನೆಯ ಬಾಡಿಗೆಯವರ ಮಾವ ಕಂಡದ್ದು, ಅವರು ಈಗಿಲ್ಲ, ದನ ಹುಡುಕಲು ಹೋದ ಒಬ್ಬ ಕಂಡು ಮೂರು ದಿನ ಜ್ವರ ಬಂದು ಮಲಗಿದ್ದ, ಅವನ ಹೆಸರು ಗೊತ್ತಿಲ್ಲ. ಮೂವತ್ತೊಂಬತ್ತು ಹಾಳೆಗಳಲ್ಲಿ ಒಂದರಲ್ಲಿ ಮಾತ್ರ "ನಾನೇ" ಎಂದು ಬರೆದಿತ್ತು. ಆ ಹುಡುಗ ಗಜನಿ ಗೇಯುವ ಮನೆಯವನು, ಹಿಂದಿನ ಬೆಂಚಿನವನು, ಪ್ರಶ್ನೆ ಕೇಳಿದರೆ ನೆಲ ನೋಡುವವನು. ಅವನನ್ನು ಎಬ್ಬಿಸಿ, ಏನು ಕಂಡೆಯಪ್ಪಾ ಎಂದು ಕೇಳಿದೆ. ಅವನು ಮೆಲ್ಲಗೆ ಹೇಳಿದ: "ಅಮಾಸಿ ರಾತ್ರಿ ಕೋಟೆ ಕೆಳಗೆ ದೀಪ ಹೋಗ್ತದಲ್ಲ ಅಕ್ಕೋರೇ, ಅದು ದೆವ್ವ ಅಲ್ಲ. ಅದು ನಮ್ಮಪ್ಪ."

ತರಗತಿ ನಕ್ಕಿತು. ನಾನು ಆ ದಿನದ ಪಾಠ ನಿಲ್ಲಿಸಿ, ಅವನನ್ನೇ ಮುಂದೆ ಕರೆದು ಹೇಳಿಸಿದೆ. ದೂರದೂರುಗಳಲ್ಲಿರುವ ನೀವು ಮರೆತಿದ್ದರೆ ಎಂದು ಇಲ್ಲಿ ವಿವರಿಸುತ್ತೇನೆ. ಹೊಳೆಯ ಉಪ್ಪುನೀರು ಬಂದುಹೋಗುವ ಗದ್ದೆಗಳೇ ಗಜನಿ. ಮಳೆಗಾಲದಲ್ಲಿ ಅಲ್ಲಿ ಕಗ್ಗ ಭತ್ತ ಬೆಳೆಯುತ್ತದೆ. ಕೊಯ್ಲು ಮುಗಿದ ಮೇಲೆ ಗದ್ದೆಗೆ ಹೊಳೆಯ ನೀರು ಬಿಟ್ಟುಕೊಳ್ಳುತ್ತಾರೆ. ನೀರಿನ ಜೊತೆ ಸಿಗಡಿ, ಮೀನು ಒಳಗೆ ಬರುತ್ತವೆ. ಇಳಿತದ ಹೊತ್ತಿಗೆ ಕಟ್ಟೆಯ ಜಂತ್ರಡಿಯ ಹಲಗೆ ಎತ್ತಿ ಬಲೆ ಕಟ್ಟಿದರೆ, ಹೊರಗೆ ಹೋಗುವ ನೀರಿನ ಜೊತೆ ಸಿಗಡಿಯೂ ಬಲೆಗೆ ಬೀಳುತ್ತದೆ. ಈ ಕೆಲಸಕ್ಕೆ ರಾತ್ರಿಯ ಇಳಿತವೇ ಒಳ್ಳೆಯದು. ಕೈಯಲ್ಲೊಂದು ಲಾಟೀನು, ಅದಕ್ಕೂ ಹಿಂದೆ ತೆಂಗಿನ ಗರಿಯ ಸೂಡಿ.

ಅಮಾವಾಸ್ಯೆಯೇ ಏಕೆ? ಉಬ್ಬರ-ಇಳಿತಗಳ ಅಂತರ ಅತಿ ಹೆಚ್ಚಾಗುವುದು ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ. ಸೂರ್ಯ-ಚಂದ್ರರ ಸೆಳೆತ ಆಗ ಒಂದೇ ಸಾಲಿನಲ್ಲಿ ಸೇರುತ್ತದೆ. ಅಷ್ಟಮಿಯ ಹೊತ್ತಿಗೆ ನೀರು ಸೋಮಾರಿಯಾಗಿರುತ್ತದೆ. ಹಾಗಾದರೆ ಹುಣ್ಣಿಮೆಯಲ್ಲೂ ದೆವ್ವ ಕಾಣಬೇಕಲ್ಲ? ಇದೇ ಪ್ರಶ್ನೆಯನ್ನು ಒಬ್ಬಳು ಕೇಳಿದಳು. ಹುಡುಗನ ಬಳಿ ಅದಕ್ಕೂ ಉತ್ತರವಿತ್ತು: ಹುಣ್ಣಿಮೆಯಲ್ಲೂ ಅಪ್ಪ ಹೋಗುತ್ತಾನೆ, ಬೆಳದಿಂಗಳಿಗೆ ದೀಪ ಮಂಕಾಗಿ ದೂರಕ್ಕೆ ಕಾಣುವುದಿಲ್ಲ ಅಷ್ಟೆ. ನಾನು ಹಲಗೆಯ ಮೇಲೆ ಇನ್ನೊಂದನ್ನು ಸೇರಿಸಿದೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಹತ್ತು ಗಂಟೆಗೆ ಕಂಡ ದೆವ್ವ ಮರುದಿನ ಹನ್ನೊಂದರ ಹತ್ತಿರ, ಮೂರನೆಯ ದಿನ ಮಧ್ಯರಾತ್ರಿಯ ಹತ್ತಿರ ಬರುತ್ತದೆ. "ಒಂದೇ ಹೊತ್ತಿಗೆ ಬರೂದಿಲ್ಲ, ಅದರ ಮನಸ್ಸಿಗೆ ಬಂದಾಗ ಬರ್ತದೆ" ಎಂದು ಇನ್ನೊಂದು ಹಾಳೆಯಲ್ಲಿ ಬರೆದಿದ್ದ ಕೊಳ್ಳಿದೆವ್ವದ ಲಕ್ಷಣ ಪಂಚಾಂಗಕ್ಕೆ ಸರಿಹೊಂದಿತು. ದೀಪಾವಳಿ ಕಳೆದ ಮೇಲೆ ಅದರ ಉಪದ್ರವ ಹೆಚ್ಚು ಎಂದು ಅಜ್ಜಿಯರು ಹೇಳುತ್ತಿದ್ದುದೂ ಸುಳ್ಳಲ್ಲ. ಕಗ್ಗದ ಕೊಯ್ಲು ಮುಗಿಯುವುದು ಆಗಲೇ.

ಇಲ್ಲೊಂದು ಮಾತು ಹೇಳಬೇಕು. ರಾತ್ರಿಯೆಲ್ಲ ಮೊಣಕಾಲುದ್ದ ಕೆಸರಿನಲ್ಲಿ ನಿಂತು ದುಡಿಯುವವನನ್ನು ಹೆದ್ದಾರಿ ಪಕ್ಕದ ಮನೆಗಳ ನಾವು ತಲೆತಲಾಂತರದಿಂದ ದೆವ್ವವೆಂದು ಕರೆಯುತ್ತ ಬಂದಿದ್ದೆವು. ಅವನ ಮಗ ನಮ್ಮದೇ ತರಗತಿಯಲ್ಲಿ ಕುಳಿತಿದ್ದ. ಯಾರೂ ಅವನನ್ನು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ.

ಎರಡನೆಯ ಕಥೆ ಗರ್ಭಿಣಿಯ ಬಲಿ. ಇದು ಮಿರ್ಜಾನದ್ದೇ ಆಗಬೇಕಿಲ್ಲ; ಕೋಟೆ, ಕೆರೆ, ಸೇತುವೆ ಇರುವಲ್ಲೆಲ್ಲ ಇದೆ. 'ಕೆರೆಗೆ ಹಾರ'ದ ಭಾಗೀರಥಿಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಜಂಬಿಟ್ಟಿಗೆಯ ಗೋಡೆ ಕುಸಿಯುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಆದರೆ ಈ ಕಥೆಯನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ. ಮನೆಗೆಲಸ ಕೊಟ್ಟ ಆ ವರ್ಷಗಳಲ್ಲಿಯೇ ನಮ್ಮ ಹೊಳೆಗೆ ರೈಲಿನ ಸೇತುವೆ ಏಳುತ್ತಿತ್ತು. "ಕಂಬ ನಿಲ್ಲಲು ಮಕ್ಕಳನ್ನು ಹಿಡಿದು ಬಲಿ ಕೊಡ್ತಾರಂತೆ" ಎಂಬ ಸುದ್ದಿ ಹಬ್ಬಿ, ಕೆಲವು ಚಿಕ್ಕ ಮಕ್ಕಳು ಸಂಜೆ ಒಬ್ಬೊಬ್ಬರೇ ಮನೆಗೆ ಹೋಗಲು ಅಳುತ್ತಿದ್ದರು. ಅಂಥದ್ದೇನೂ ನಡೆದಿರಲಿಲ್ಲ. ಆದರೆ ದೊಡ್ಡ ಕಟ್ಟಡವೊಂದು ಏಳುವಾಗ ಅದರ ಬೆಲೆಯನ್ನು ತಮ್ಮಂಥವರೇ ತೆರಬೇಕಾದೀತು ಎಂಬ ಅಂಜಿಕೆ ಬಡವರ ಮನೆಯಲ್ಲಿ ಎಷ್ಟು ಹಳೆಯದು! ಕೋಟೆಯ ಕಲ್ಲು ಕಡಿದವರ, ಹೊತ್ತವರ ಹೆಸರು ಯಾವ ಶಾಸನದಲ್ಲೂ ಇಲ್ಲ. ಗೋಡೆಯೊಳಗಿನಿಂದ ಅಳುವ ಹೆಂಗಸೊಬ್ಬಳು ಮಾತ್ರ ಕಥೆಯಲ್ಲಿ ಉಳಿದಿದ್ದಾಳೆ.

(ಅಳುವಿನ ಸದ್ದಿನ ಬಗ್ಗೆ: ಹಾಳು ಕಟ್ಟಡಗಳಲ್ಲಿ ಕಣಜಗೂಬೆ ವಾಸಿಸುತ್ತದೆ. ಅದರ ಕಿರಿಚಾಟವನ್ನು ಮೊದಲ ಬಾರಿ ಕೇಳಿದ ರಾತ್ರಿ ನಾನೂ ರಾಮನಾಮ ಹೇಳಿದವಳೇ. ವಿಜ್ಞಾನದ ಮಾಸ್ತರರ ಮುಂದೆ ಇದನ್ನು ಹೇಳಿರಲಿಲ್ಲ.)

ಮೂರನೆಯದು ರಾಣಿಯ ದೆವ್ವ. ನನ್ನನ್ನು ಹೆಚ್ಚು ಕಾಡಿದ್ದು ಇದೇ. ಹನ್ನೊಂದು ಹಾಳೆಗಳಲ್ಲಿ ರಾಣಿ ಇದ್ದಳು. ಹನ್ನೊಂದರಲ್ಲಿ ಒಂದರಲ್ಲೂ ಅವಳ ಹೆಸರಿರಲಿಲ್ಲ. "ಒಬ್ಬ ರಾಣಿ" ಅಷ್ಟೆ. ಅವಳು ಏಕೆ ದೆವ್ವವಾದಳು ಎಂಬುದಕ್ಕೆ ಬಂದ ಕಾರಣ ಇನ್ನೂ ವಿಚಿತ್ರ: ಪರ ಊರಿನವನೊಬ್ಬನ ಮೋಹಕ್ಕೆ ಬಿದ್ದು ರಾಜ್ಯ ಕಳೆದುಕೊಂಡಳಂತೆ, ಆ ಪಾಪಕ್ಕೆ ಅವಳಿಗೆ ಮುಕ್ತಿಯಿಲ್ಲವಂತೆ.

ಈ ಮಾತನ್ನು ಓದಿದಾಗ ನನಗೆ ಎಲ್ಲಿಯೋ ಕೇಳಿದಂತೆನಿಸಿತು. ಕೇಳಿದ್ದಲ್ಲ, ಓದಿದ್ದು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದು, ಶರಾವತಿಯಲ್ಲಿ ದೋಣಿಯೇರಿ ಗೇರುಸೊಪ್ಪೆಗೆ ಹೋಗಿ, ಅಲ್ಲಿಂದ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಯನ್ನು ತಲುಪಿದ. ದಾರಿಯಲ್ಲಿ ಕಂಡ ಗೇರುಸೊಪ್ಪೆ ಹಾಳುಬಿದ್ದಿತ್ತು. ಅರಮನೆಯಲ್ಲಿ ಮರಗಳು ಬೆಳೆದಿದ್ದವು. ಅಲ್ಲಿ ಅವನೊಂದು ಕಥೆಯನ್ನು ಬರೆದಿಟ್ಟಿದ್ದಾನೆ: ಕೊನೆಯ ರಾಣಿ ಕೀಳುದರ್ಜೆಯ ಪರದೇಶಿಯೊಬ್ಬನನ್ನು ಮೆಚ್ಚಿ ರಾಜ್ಯವನ್ನೇ ಅವನ ಕೈಗಿಟ್ಟಳು, ಅವನು ತಿರುಗಿಬಿದ್ದ, ಆ ಜಗಳದ ನಡುವೆ ವೆಂಕಟಪ್ಪ ನಾಯಕ ಬಂದು ಎಲ್ಲವನ್ನೂ ಗೆದ್ದ, ರಾಣಿ ಸೆರೆಯಲ್ಲಿ ಸತ್ತಳು.

ನಾನು ಮಕ್ಕಳಿಗೆ ಕೊಟ್ಟ ಪ್ರಶ್ನೆಯನ್ನೇ ಈ ಮಹನೀಯನಿಗೂ ಕೇಳಬೇಕಾಗುತ್ತದೆ: ಕಂಡವರು ಯಾರು? ರಾಣಿಯ ರಾಜ್ಯ ಹೋಗಿ ಆಗಲೇ ಹದಿನೇಳು ವರ್ಷ ಕಳೆದಿತ್ತು. ಅವನ ಜೊತೆಗಿದ್ದವರು ಅವಳೊಡನೆ ಕಾದಾಡಿದ್ದ ಪೋರ್ಚುಗೀಸರು. ಅವನು ನಡೆಯುತ್ತಿದ್ದ ನೆಲ ಅವಳನ್ನು ಸೆರೆಹಿಡಿದ ನಾಯಕನದು. ಐವತ್ತು ವರ್ಷ ಬಂದರು ನಡೆಸಿದ, ವೈಸರಾಯನ ಹಡಗುಪಡೆಯನ್ನು ಎದುರಿಸಿದ, ಕೊನೆಗಾಲಕ್ಕೆ ಮುದುಕಿಯೇ ಆಗಿರಬೇಕಾದ ಹೆಂಗಸೊಬ್ಬಳು ಸೋತದ್ದಕ್ಕೆ ಗೆದ್ದವರು ಕೊಡುವ ಕಾರಣ ಮೋಹ! ಗಂಡಸರು ಸೋತಾಗ ಸೈನ್ಯ ಕಡಿಮೆಯಿತ್ತು, ಮದ್ದುಗುಂಡು ತೀರಿತ್ತು, ನಂಬಿದವರು ಕೈಬಿಟ್ಟರು ಎಂದು ಬರೆಯುತ್ತಾರೆ. ನನಗೆ ಈ ಕಥೆಯಲ್ಲಿ ನಂಬಿಕೆಯಿಲ್ಲ.

ಅದೇ ಪ್ರವಾಸಿ ಮುಂದೆ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡ. ಅವಳು ಬರಿಗಾಲಿನಲ್ಲಿ ನಡೆದುಕೊಂಡು ಹೋಗಿ ಗದ್ದೆಬಯಲಿನಲ್ಲಿ ಕಾಲುವೆ ತೋಡಿಸುವ ಕೆಲಸ ನೋಡುತ್ತಿದ್ದಳು ಎಂದು ಅವನೇ ಬರೆದಿದ್ದಾನೆ. ಅವಳ ಬಗ್ಗೆಯೂ ಅವನ ಕಿವಿಗೆ ಬಿದ್ದ ಮಾತುಗಳು ಬೇರೆ ಇದ್ದವು. ಹೆತ್ತ ಮಗನಿಗೇ ವಿಷ ಹಾಕಿದವಳು ಎಂಬಂಥವು. ಕಂಡಾಗ ಕಾಲುವೆ, ಕೇಳಿದಾಗ ವಿಷ. ಗೇರುಸೊಪ್ಪೆಯ ರಾಣಿಯನ್ನು ಅವನು ಕಂಡಿದ್ದರೆ ಏನು ಬರೆಯುತ್ತಿದ್ದನೋ!

ಇಟಲಿಯವನ ಪುಸ್ತಕವನ್ನು ಮಿರ್ಜಾನದ ಅಜ್ಜಿಯರು ಓದಿರಲಾರರು. ಹಾಗಾದರೆ 1623ರಲ್ಲಿ ಯಾರದೋ ಬಾಯಿಂದ ಅವನ ಕಿವಿಗೆ ಬಿದ್ದ ಮಾತೇ ಇನ್ನೊಂದು ದಾರಿಯಿಂದ ನಮ್ಮ ಅಡಿಗೆಮನೆಗಳಿಗೂ ಇಳಿದು ಬಂದಿತೆ, ಅಥವಾ ಸೋತ ಹೆಂಗಸಿಗೆ ಲೋಕ ಎಲ್ಲ ಕಾಲದಲ್ಲೂ ಒಂದೇ ಕಥೆ ಕಟ್ಟುತ್ತದೆಯೆ? ಎರಡನೆಯದೇ ಹೆಚ್ಚು ಸಂಭವವೆಂದು ನನಗೆ ತೋರುತ್ತದೆ. ಆ ವಾರ ತರಗತಿಯಲ್ಲಿ ಹನ್ನೊಂದು ಹಾಳೆಗಳನ್ನೂ ಮರಳಿ ಕೊಟ್ಟು, 'ಒಬ್ಬ ರಾಣಿ' ಎಂದಿದ್ದಲ್ಲಿ ಹೆಸರು ಬರೆಯಿಸಿದೆ. ಈಗ ಆ ಕೊರತೆಯಿಲ್ಲ. ಗಜಾನನ ಶರ್ಮರ ಕಾದಂಬರಿ ಬಂದ ಮೇಲೆ ಅವಳ ಹೆಸರು ಕನ್ನಡದ ಓದುಗರಲ್ಲಿ ಮನೆಮಾತಾಯಿತು. 2025ರಲ್ಲಿ ಅವಳ ಹೆಸರಿನ ಅಂಚೆಚೀಟಿಯೂ ಹೊರಬಂತು.

ಉಳಿದದ್ದು ನಿಧಿಯ ಸರ್ಪ. ದೆವ್ವಗಳ ಮೇಲೆ ನನಗೆ ದ್ವೇಷವಿಲ್ಲ, ಆದರೆ ಈ ಸರ್ಪದ ಮೇಲಿದೆ. ಕೊಳ್ಳಿದೆವ್ವದಿಂದಾಗಲಿ, ಗೆಜ್ಜೆಯ ರಾಣಿಯಿಂದಾಗಲಿ ಕೋಟೆಗೆ ಯಾವ ಹಾನಿಯೂ ಆಗಲಿಲ್ಲ. ಬದಲಾಗಿ ರಾತ್ರಿಯ ಹೊತ್ತು ಕಲ್ಲು ಕದಿಯಲು ಬರುವವರನ್ನು ಒಂದಿಷ್ಟು ದೂರ ಇಟ್ಟವು. ನಿಧಿಯ ಕಥೆ ಮಾಡಿದ್ದು ತದ್ವಿರುದ್ಧ. ಶರಾವತಿ ಕಣಿವೆಯ ದಟ್ಟ ಕಾಡಿನಲ್ಲಿರುವ ಕಾನೂರು ಕೋಟೆಯ ಸ್ಥಿತಿ ಕೇಳಿ: ಅದೂ ಇದೇ ರಾಣಿಯ ನೆಲೆ, ಅಲ್ಲಿ ಅವಳ ಭಂಡಾರವಿತ್ತೆಂಬ ಒಂದು ಮಾತಿಗೆ ನಿಧಿಗಳ್ಳರು ಗುಡಿಯ ನೆಲ, ಅಡಿಪಾಯ ಎನ್ನದೆ ಅಗೆದು ಹಾಕಿದ್ದಾರೆ. ಸರ್ಪ ಕಾಯುತ್ತಿದೆ ಎಂದರೆ ಕಾಯುವಂಥದ್ದು ಇದೆ ಎಂದೇ ಅವರ ತರ್ಕ.

ಮಿರ್ಜಾನದ ನೆಲದಲ್ಲಿ ನಿಜವಾಗಿ ಏನಿತ್ತು? 2000-01ರಲ್ಲಿ ಪುರಾತತ್ವ ಇಲಾಖೆಯವರು ಕ್ರಮಬದ್ಧವಾಗಿ ಉತ್ಖನನ ನಡೆಸಿದರು. ಸಿಕ್ಕಿದ್ದು ಕಬ್ಬಿಣದ ಫಿರಂಗಿ ಗುಂಡುಗಳು, ಮಣ್ಣಿನ ಗುಂಡುಗಳು, ಚೀನೀ ಪಿಂಗಾಣಿಯ ಚೂರುಗಳು, ಮತ್ತು ಪೋರ್ಚುಗೀಸರ ಒಂದು ಚಿನ್ನದ ನಾಣ್ಯ. ಕೊಪ್ಪರಿಗೆಗಟ್ಟಲೆ ಹೊನ್ನಿನ ಕಥೆಗೆ ಉಳಿದದ್ದು ಒಂದು ನಾಣ್ಯ! ಆದರೆ ಇತಿಹಾಸದ ಮಾಸ್ತರಣಿಗೆ ಆ ಪಿಂಗಾಣಿಯ ಚೂರೇ ದೊಡ್ಡ ನಿಧಿ. ಚೀನಾದ ಬಟ್ಟಲು ಅಘನಾಶಿನಿಯ ದಂಡೆಯ ಊಟದ ಮನೆಗೆ ಬಂದು ಒಡೆದಿದೆ. ಅದಕ್ಕೆ ಬದಲಾಗಿ ಇಲ್ಲಿಯ ಮೆಣಸು ಎಲ್ಲಿಯವರೆಗೆ ಹೋಗಿರಬಹುದು! ನಿಧಿಗಳ್ಳನ ಗುದ್ದಲಿಗೆ ಅಂಥ ಚೂರು ಕಣ್ಣಿಗೇ ಬೀಳುವುದಿಲ್ಲ. ಮಣ್ಣಿನ ಜೊತೆ ಎಸೆದು ಹೋಗುತ್ತಾನೆ. ಯಾವ ಪದರದಲ್ಲಿ ಏನಿತ್ತು ಎಂಬುದು ಒಮ್ಮೆ ಕಲಸಿಹೋದರೆ ಮತ್ತೆ ತಿಳಿಯುವ ಉಪಾಯವಿಲ್ಲ. ಗೋಡೆ ಕುಸಿದರೆ ಕಟ್ಟಬಹುದು, ಇದನ್ನು ಕಟ್ಟಲಾಗದು.

ಉತ್ಖನನದ ನಂತರ ಗಿಡಗಂಟಿ ತೆಗೆದು, ಗೋಡೆಗಳನ್ನು ದುರಸ್ತಿ ಮಾಡಿ, ಕೋಟೆಯನ್ನು ನೋಡುವಂತೆ ಮಾಡಿದ್ದಾರೆ. ಮಕ್ಕಳನ್ನು ಕರೆತರುವವರಿದ್ದರೆ ಮಳೆ ಹಿಂದಾಗುವ ಸೆಪ್ಟೆಂಬರಿನಲ್ಲಿ ಬನ್ನಿ. ಗೋಡೆಗಳೆಲ್ಲ ಹಸಿರು ಪಾಚಿ ಹೊದ್ದುಕೊಂಡಿರುತ್ತವೆ, ಕಂದಕದಲ್ಲಿ ನೀರಿರುತ್ತದೆ. ಮೆಟ್ಟಿಲುಗಳು ಜಾರುತ್ತವೆ, ಬಾವಿಗಳ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ. ಪುರುಸೊತ್ತಿದ್ದರೆ ಹೊನ್ನಾವರದ ಮೇಲೆ ಗೇರುಸೊಪ್ಪೆಗೂ ಹೋಗಿ, ಕಾಡಿನ ನಡುವೆ ನಿಂತಿರುವ ಚತುರ್ಮುಖ ಬಸದಿಯನ್ನು ನೋಡಿ. ನಾಲ್ಕು ದಿಕ್ಕಿಗೂ ಬಾಗಿಲಿರುವ ಆ ಬಸದಿಯ ಮುಂದೆ ನಿಂತರೆ, ದೆಲ್ಲಾ ವಲ್ಲೆ ಬರುವ ಹೊತ್ತಿಗಾಗಲೇ ಮುಗಿದುಹೋಗಿದ್ದ ನಗರ ಎಷ್ಟು ದೊಡ್ಡದಿತ್ತೆಂದು ಅಂದಾಜಾಗುತ್ತದೆ.

ಆ ಮೂವತ್ತೊಂಬತ್ತು ಮಂದಿಯಲ್ಲಿ ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿಸಿ; ನಿಮ್ಮ ಹಾಳೆಯ ನಕಲನ್ನು ಕಳುಹಿಸಿಕೊಡುತ್ತೇನೆ. ನಿಮ್ಮ ಮನೆಯಲ್ಲಿ ಕೋಟೆಯ ಬೇರೆ ಕಥೆಯಿದ್ದರೆ ಅದನ್ನೂ ಬರೆದು ಕಳುಹಿಸಿ. ಕೊನೆಯ ಸಾಲಿನಲ್ಲಿ ಏನು ಬರೆಯಬೇಕೆಂಬುದು ನಿಮಗೆ ಗೊತ್ತೇ ಇದೆ.